ಶನಿವಾರ ಬಂದ ಕೆಂಪೆಣ್ಣೆ

ಆ ಭಾನುವಾರ ಬೆಳಿಗ್ಗೆ ನಾನು ದೇವರ ಕೋಣೆಯ ಹೊಸ್ತಿಲ ಹತ್ತಿರ ಕೂತು ಹೂಬತ್ತಿ ಮಾಡುತ್ತಿದ್ದೆ. ಬತ್ತಿ ಮಾಡುವಾಗ ಮನಸ್ಸು ತಣ್ಣಗಿರುತ್ತದೆ; ಮನೆಯಲ್ಲಿ ಗಂಡಸರಿದ್ದಾರೆ ಎಂಬುದೇ ಸ್ವಲ್ಪ ಹೊತ್ತು ಮರೆತುಹೋಗುತ್ತದೆ. ನಲವತ್ತೊಂದನೆಯ ಬತ್ತಿ ಕೈಯಲ್ಲಿತ್ತು. ಆಗ ಪಕ್ಕದ ಮನೆಯ ಕಮಲಾ ವಹಿನಿ ಕಾಂಪೌಂಡಿನಾಚೆಯಿಂದ ಮರಾಠಿಯಲ್ಲಿ ಕೂಗಿಕೊಂಡರು: ನಿಮ್ಮ ಯಜಮಾನರು ಮೋಟಾರಿನ ಕೆಳಗೆ ಬಿದ್ದಿದ್ದಾರೆ, ಕಾಲುಗಳಷ್ಟೇ ಹೊರಗೆ ಕಾಣುತ್ತಿವೆ, ಅಂಗಳದ ಕಲ್ಲು ಫರಸಿಯ ಮೇಲೆ ಕೆಂಪಗೆ ಹರಿಯುತ್ತಿದೆ.

ನಾನು ಹೇಗೆ ಎದ್ದೆನೋ, ಎಲ್ಲಿ ಬತ್ತಿ ಚೆಲ್ಲಿದೆನೋ ತಿಳಿಯದು. ಓಡುವಾಗಲೇ ಹರಕೆ ಹೊತ್ತೆ: ವಿಠೋಬಾ, ಇವರೊಬ್ಬರನ್ನು ಉಳಿಸಿಕೊಡು, ಹನ್ನೊಂದು ಶನಿವಾರ ಒಪ್ಪತ್ತು ಮಾಡುತ್ತೇನೆ. ವಿಠೋಬನಿಗೂ ಶನಿವಾರಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ಹಿಂದಿನ ದಿನವೆಲ್ಲ ಮನೆಯಲ್ಲಿ ಶನಿವಾರದ್ದೇ ಜಗಳ ನಡೆದಿತ್ತು, ಆ ಶಬ್ದವೇ ನಾಲಿಗೆಯ ತುದಿಯಲ್ಲಿ ಕೂತಿತ್ತು.

ಹೊರಗೆ ಹೋಗಿ ನೋಡಿದರೆ ಮೋಟಾರಿನ ಕೆಳಗಿನಿಂದ ಎರಡು ಕಾಲು. ಒಂದರ ಹೆಬ್ಬೆರಳು ತಾಳ ಹಾಕುತ್ತಿತ್ತು. ಸತ್ತವರು ತಾಳ ಹಾಕುವುದಿಲ್ಲ, ಅಷ್ಟು ನನಗೂ ಗೊತ್ತು. ಪಕ್ಕದಲ್ಲಿ ನನ್ನ ಚಕ್ಕುಲಿ ಕರಿಯುವ ಬಾಣಲೆ, ಅದು ತುಂಬಿ ಫರಸಿಯ ಮೇಲೆ ಹರಿಯುತ್ತಿದ್ದ ಕಂದುಗೆಂಪು ಎಣ್ಣೆ. ಏನಿದು ಎಂದರೆ ಕೆಳಗಿನಿಂದಲೇ ಉತ್ತರ ಬಂತು: ಪವರ್ ಸ್ಟೀರಿಂಗ್ ಫ್ಲಶ್ ಮಾಡುತ್ತಿದ್ದಾರಂತೆ. ಫ್ಲಶ್ ಎಂದರೆ ನನಗೆ ಗೊತ್ತಿದ್ದದ್ದು ಒಂದೇ. ಅದಕ್ಕೆ ಬಾಣಲೆ ಬೇಕಾಗುವುದಿಲ್ಲ.

ಈ ಮೋಟಾರಿನ ಕಥೆ ಹೇಳದಿದ್ದರೆ ನಿಮಗೆ ನನ್ನ ಸಿಟ್ಟು ಅರ್ಥವಾಗದು. ನಮ್ಮವರದು ಪುಣೆಯ ಪೇಟೆಯಲ್ಲಿ ಇಳಕಲ್ ಸೀರೆಯ ಅಂಗಡಿ. ತುರ್ತು ಪರಿಸ್ಥಿತಿ ಮುಗಿದು ಒಂದೆರಡು ವರ್ಷವಾಗಿತ್ತು. ಕ್ಯಾಂಪ್ ಬಡಾವಣೆಯಲ್ಲಿ ಒಬ್ಬರು ಮುದುಕರು ತೀರಿಕೊಂಡು ಅವರ ವಿಲಾಯತಿ ಮೋಟಾರು ಯಾರಿಗೂ ಬೇಡವಾಗಿ ನಿಂತಿತ್ತು. ಪೆಟ್ರೋಲು ಕುಡಿಯುವ ಅದರ ಬಾಯಿಗೆ ಹೆದರಿ ಬುದ್ಧಿವಂತರೆಲ್ಲ ದೂರ ಉಳಿದರು. ಮನೆಗೆ ತಂದ ದಿನ ನಮ್ಮವರು ಅಂಗಡಿಯ ಗಜಕೋಲು ತರಿಸಿ ಅಳೆದರು. ಆರು ಗಜದ ಸೀರೆ ಹಾಸಿದರೆ ಮೂತಿಯಿಂದ ಡಿಕ್ಕಿಯವರೆಗೆ ಸರಿಯಾಗಿ ಕೂಡುತ್ತದೆ, ಸೆರಗು ಕೂಡ ಉಳಿಯುವುದಿಲ್ಲ ಎಂದು ಹಿಗ್ಗಿದರು. ಮೋಟಾರನ್ನು ಸೀರೆಯಿಂದ ಅಳೆದ ಗಂಡಸು ಈ ಊರಿನಲ್ಲಿ ಇನ್ನೊಬ್ಬ ಇರಲಾರ.

ಅದರ ದೊಡ್ಡಸ್ತಿಕೆ ಸ್ಟೀರಿಂಗಿನದು. ಇಂಜಿನ್ನು ಒಂದು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ದೂಡುತ್ತದೆ, ಎಣ್ಣೆ ಗಾಲಿಗಳನ್ನು ಹೊರಳಿಸುತ್ತದೆ. ಕೂತವನು ಕಿರುಬೆರಳು ಆಡಿಸಿದರೆ ಸಾಕು. ಮನೆಗೆ ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಈ ಕಿರುಬೆರಳಿನ ಪ್ರದರ್ಶನ. ಕೂತಲ್ಲಿಂದ ಎದ್ದು ಒಂದು ತಂಬಿಗೆ ನೀರು ತೆಗೆದುಕೊಳ್ಳದವರಿಗೆ ಗಾಲಿ ಹೊರಳಿಸಲೂ ಒಬ್ಬ ಆಳು ಬೇಕಾದದ್ದರಲ್ಲಿ ನನಗಂತೂ ಆಶ್ಚರ್ಯ ಕಾಣಲಿಲ್ಲ. ಕುರುಕ್ಷೇತ್ರದಲ್ಲಿ ಭಗವಂತ ಹದಿನೆಂಟು ದಿನ ರಥ ಹೊಡೆದ. ಎಣ್ಣೆ ಬದಲಿಸಬೇಕು, ಸ್ವಲ್ಪ ನಿಲ್ಲಿ ಎಂದು ಒಂದು ದಿನವಾದರೂ ಯುದ್ಧ ನಿಲ್ಲಿಸಿದನೇ? ನಮ್ಮ ಹರಿಕಥೆಯ ದಾಸರು ಎಲ್ಲವನ್ನೂ ಹೇಳುತ್ತಾರೆ, ಇದೊಂದನ್ನು ಹೇಳಿದ ನೆನಪಿಲ್ಲ.

ಆ ವರ್ಷ ಸ್ಟೀರಿಂಗು ನರಳತೊಡಗಿತು. ಊರಿನ ಮೆಕ್ಯಾನಿಕ್ಕುಗಳು ಬಾನೆಟ್ಟು ಎತ್ತಿ ನೋಡಿ, ಕೈಮುಗಿದು ಮುಚ್ಚಿದರು. ಹಳೆಯ ಎಣ್ಣೆ ಕೆಟ್ಟಿದೆ, ಅದನ್ನು ಪೂರ್ತಿ ಹೊರಗೆ ಹಾಕಿ ಹೊಸದು ತುಂಬಿದರೆ ಸರಿಹೋಗುತ್ತದೆ ಎಂದು ನಮ್ಮವರು ಮೋಟಾರಿನ ಜೊತೆ ಬಂದಿದ್ದ ಪುಸ್ತಕ ಓದಿ ತೀರ್ಮಾನಿಸಿದರು. ಓದಿದ್ದು ಇಪ್ಪತ್ತು ದಿನ. ನಮ್ಮ ಅತ್ತೆಗೆ ಮೋಟಾರು ಬೇಕಾಗಿದ್ದದ್ದು ಒಂದು ದಿನ.

ಅತ್ತೆಗೆ ಒಂದು ಕಣ್ಣು ಮೊದಲೇ ಹೋಗಿತ್ತು, ಇನ್ನೊಂದರಲ್ಲಿ ಪೊರೆ ಬಲಿಯುತ್ತಿತ್ತು. ಮಳೆಗಾಲ ಮುಗಿದ ಮೇಲೆ ಕೊಯ್ಯೋಣ, ಕಣ್ಣು ಬಂದರೆ ಬಂತು ಎಂದಿದ್ದರು ಡಾಕ್ಟರು. ಈ ವಯಸ್ಸಿನಲ್ಲಿ 'ಬಂದರೆ ಬಂತು' ಎಂಬ ಮಾತು ಯಾರಿಗೂ ಧೈರ್ಯ ಕೊಡುವುದಿಲ್ಲ. ಅದಕ್ಕೆ ಮುಂಚೆ ಒಮ್ಮೆ, ವಿಠೋಬನ ದರ್ಶನಕ್ಕೆ ಕಾಲ್ನಡೆಯಲ್ಲಿ ಹೋಗುವ ವಾರಕರಿಗಳ ಪಾಲಖಿ ನೋಡಬೇಕು, ಅದೂ ಘಾಟಿನಾಚೆಯ ಸಾಸವಡದಲ್ಲಿ ಎಂದು ಅವರ ಆಸೆ. ಪುಣೆಯಲ್ಲೇ ಪಾಲಖಿ ಎರಡು ದಿನ ಇರುತ್ತದಲ್ಲ ಎಂದರೆ, ಇಲ್ಲಿನ ಜಂಗುಳಿಯಲ್ಲಿ ನನಗೆ ಕಾಣುವುದು ಮಂದಿಯ ಬೆನ್ನು ಮಾತ್ರ ಎನ್ನುತ್ತಿದ್ದರು. ಸಾಸವಡದಲ್ಲಿ ಅವರ ತಂಗಿಯ ಮಗಳ ಮನೆಯ ಕಟ್ಟೆ ರಸ್ತೆಗೇ ಇದೆ. ಕೂತಲ್ಲಿಗೇ ಪಾಲಖಿ ಬರುತ್ತದೆ. ಬಸ್ಸಿನ ಮೆಟ್ಟಿಲು ಹತ್ತಲು ಮೊಣಕಾಲು ಒಪ್ಪುವುದಿಲ್ಲ. ಮಂಗಳವಾರ ಪಾಲಖಿ ಆ ದಾರಿಯ ದಿವೇ ಘಾಟ್ ಹತ್ತುತ್ತದೆ, ಅಂದು ಮೋಟಾರುಗಳನ್ನು ಬಿಡುವುದಿಲ್ಲ. ಹಾಗಾಗಿ ಸೋಮವಾರವೇ ಹೊರಡಬೇಕು. ಅತ್ತೆ ಎಂಟು ದಿನ ಮೊದಲೇ ಗಂಟು ಕಟ್ಟಿಟ್ಟಿದ್ದರು.

ಮುಂಬಯಿಯಿಂದ ಹೊಸ ಎಣ್ಣೆಯ ಡಬ್ಬಿ ಬಂದದ್ದು ಶನಿವಾರ. ನಮ್ಮ ಮನೆಯಲ್ಲಿ ಶನಿವಾರ ಎಣ್ಣೆ ತರುವುದಿಲ್ಲ. ಅಂದು ಎಣ್ಣೆ ಶನಿದೇವರ ಪಾಲು, ಹೊಸ್ತಿಲು ದಾಟಿದರೆ ಅದರ ಬೆನ್ನಿಗೆ ಅವನೂ ಬರುತ್ತಾನೆ. ಅತ್ತೆ ಕೋಲು ಅಡ್ಡ ಹಿಡಿದು ಬಾಗಿಲಲ್ಲಿ ನಿಂತರು.

"ಇದು ಎಣ್ಣಿ ಅಲ್ಲವ್ವಾ, ಫ್ಲೂಯಿಡ್" ಎಂದರು ನಮ್ಮವರು.

"ಕೈಗೆ ಹತ್ತತದೋ ಇಲ್ಲೋ?"

"ಹತ್ತತದ."

"ನೀರಾಗ ತೊಳದ್ರ ಹೋಗತದೋ?"

"ಇಲ್ಲ."

"ಅಂದ್ರ ಎಣ್ಣಿ. ಹೊರಗ ಇಡು."

ಕಾಲೇಜು ಕಲಿತವರು ಈ ಮೂರು ಮಾತಿಗೆ ಡಬ್ಬಿ ಹೊತ್ತು ಹೊರಗೆ ನಡೆದರು. ಅಷ್ಟರಲ್ಲಿ ಬಣ್ಣ ನೋಡುವ ಆತುರಕ್ಕೆ ಅದರ ನೆತ್ತಿಗೆ ಮೊಳೆ ಹೊಡೆದು ಎರಡು ತೂತು ಮಾಡಿಯೂ ಆಗಿತ್ತು. ಹಾಗಾಗಿ ಡಬ್ಬಿಯನ್ನು ಜೋಪಾನ ಮಾಡುವ ಕೆಲಸ ನನಗೆ ಬಂತು. ಹಿತ್ತಿಲ ತಗಡಿನ ಸೂರಿನ ಕೆಳಗಿಟ್ಟು ಮೇಲೊಂದು ತಾಟು ಮುಚ್ಚಿದೆ.

ಈಗ ಭಾನುವಾರಕ್ಕೆ ಬರುತ್ತೇನೆ. ಮುಂದಿನ ಗಾಲಿಗಳೆರಡನ್ನೂ ಜಾಕಿನಿಂದ ಎತ್ತಿ, ನೀರು ಕಾಯಿಸುವ ಬಂಬಿಗೆಂದು ನಾನು ಒಡೆಸಿಟ್ಟಿದ್ದ ಕಟ್ಟಿಗೆಯ ಬೊಡ್ಡೆಗಳನ್ನು ಆಸರೆ ಕೊಟ್ಟಿದ್ದರು. ಎಣ್ಣೆ ವಾಪಸು ಬರುವ ರಬ್ಬರ್ ಪೈಪನ್ನು ಕಿತ್ತು ಬಾಣಲೆಗೆ ಬಿಟ್ಟಿದ್ದರು. ಇನ್ನು ಇಂಜಿನ್ನು ಚಾಲೂ ಮಾಡಿ ಮೇಲಿನಿಂದ ಹೊಸ ಎಣ್ಣೆ ಸುರಿಯುತ್ತ ಹೋಗಬೇಕು, ಒಬ್ಬರು ಒಳಗೆ ಕೂತು ಸ್ಟೀರಿಂಗನ್ನು ಎಡಕ್ಕೆ ಕೊನೆಯವರೆಗೆ, ಬಲಕ್ಕೆ ಕೊನೆಯವರೆಗೆ ತಿರುಗಿಸುತ್ತಿರಬೇಕು. ಹೊಸದು ಹಳೆಯದನ್ನು ದೂಡಿ ಹೊರಗೆ ಹಾಕುತ್ತದೆ. ಆ ಒಬ್ಬರು ನಾನು. ಒಪ್ಪಿಕೊಳ್ಳುತ್ತೇನೆ, ಮೊದಲ ಸಲ ಆ ಸೀಟಿನಲ್ಲಿ ಕೂತು ಅಷ್ಟು ದೊಡ್ಡ ಗಾಡಿಯ ಮೂತಿಯನ್ನು ಒಂದು ಬೆರಳಿನಿಂದ ಹೊರಳಿಸಿದಾಗ ಸುಖವೆನಿಸಿತು. ಆ ಸುಖವನ್ನು ಮುಖದ ಮೇಲೆ ತೋರಿಸಲಿಲ್ಲ. ಸಾವಕಾಶ ತಿರುಗಿಸು, ಬಡಬಡ ಬೇಡ ಎಂದು ಅವರು ಕೂಗಿದರು. ನಾನು ಬೆರಳ ಗೆಣ್ಣಿನ ಮೇಲೆ ಎಣಿಸುತ್ತ ಎಡಕ್ಕೊಂದು ವಿಠ್ಠಲ, ಬಲಕ್ಕೊಂದು ವಿಠ್ಠಲ ಎನ್ನುತ್ತಿದ್ದೆ. ನಾಮಸ್ಮರಣೆಯನ್ನು ಬಡಬಡ ಮಾಡಿ ನನಗೆ ಅಭ್ಯಾಸವಿಲ್ಲ.

ಡಬ್ಬಿ ಖಾಲಿಯಾಯಿತು. ಪೈಪು ಮತ್ತೆ ಜೋಡಿಸಿದರು. ಒಳಗಿನ ಗಾಳಿ ಹೋಗಲಿ ಎಂದು ಇನ್ನಷ್ಟು ತಿರುಗಿಸಿದೆ. ಆಗ ಮೋಟಾರು ಈಯಲು ಬಂದ ಎಮ್ಮೆಯಂತೆ ನರಳಿತು, ಎಣ್ಣೆ ಹಾಕುವ ಬಾಯಿಂದ ನೊರೆ ಉಕ್ಕಿತು. ಕೆಂಪು ನೊರೆಯಲ್ಲ, ಮದುವೆ ಮನೆಯ ಗುಲಾಬಿ ಶರಬತ್ತಿಗೆ ಹಾಲು ಬೆರೆಸಿದ ಹಾಗೆ. ನಮ್ಮವರು ತಪ್ಪು ಯಾರದೆಂದು ಹುಡುಕತೊಡಗಿದರು. ಮೊದಲು ಮುಂಬಯಿಯವರದು, ಆಮೇಲೆ ತೀರಿಕೊಂಡ ಮುದುಕರದು, ಕೊನೆಗೆ ನನ್ನ ವಿಠ್ಠಲನದು.

ಅತ್ತೆ ಕೋಲೂರುತ್ತ ಬಂದು ಏನಾಯಿತೆಂದು ಕೇಳಿದರು. ನಾಳೆ ಹೋಗುವುದಾಗಲಿಕ್ಕಿಲ್ಲ ಎಂದರು ಇವರು. ಅತ್ತೆ ಒಳಗೆ ಹೋಗಿ ಗಂಟು ಬಿಚ್ಚತೊಡಗಿದರು. ತುಳಸಿ ಮಾಲೆ, ಹಣೆಗೆ ಹಚ್ಚುವ ಕಪ್ಪು ಬುಕ್ಕಾದ ಡಬ್ಬಿ, ಒಂದು ಮಡಿ ಸೀರೆ, ವಾರಕರಿಗಳಿಗೆ ಕೊಡಲೆಂದು ಮಾಡಿಸಿದ್ದ ಶೇಂಗಾದ ಉಂಡೆ. ಒಂದೊಂದನ್ನೇ ತೆಗೆದು, ಕೈಯಿಂದ ತಡವಿ ನೋಡಿ, ಪಕ್ಕಕ್ಕಿಡುತ್ತಿದ್ದರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಕಮಲಾ ವಹಿನಿಯ ಅಣ್ಣ ದೇಹೂ ರೋಡಿನಲ್ಲಿ ಮಿಲಿಟರಿ ಗಾಡಿಗಳ ರಿಪೇರಿ ಮಾಡಿ ನಿವೃತ್ತರಾದವರು; ಪ್ರತಿ ಭಾನುವಾರ ತಂಗಿಯ ಮನೆಗೆ ಊಟಕ್ಕೆ ಬರುತ್ತಿದ್ದರು. ಗಂಡಸರ ಕೆಲಸದಲ್ಲಿ ಇನ್ನೊಬ್ಬ ಗಂಡಸನ್ನು ಕೇಳುವುದೆಂದರೆ ನಮ್ಮವರಿಗೆ ಮೀಸೆ ಬೋಳಿಸಿಕೊಂಡಷ್ಟು ಅವಮಾನ. ಹೋಗಿ ಕರೆದವಳು ನಾನೇ. ಅವರು ಬಂದು ನೊರೆಯನ್ನು ಬೆರಳ ಮೇಲೆ ತೆಗೆದುಕೊಂಡು ನೋಡಿ, ಎಣ್ಣೆಯೊಳಗೆ ನೀರು ಸೇರಿದೆ, ಡಬ್ಬಿ ಎಲ್ಲಿತ್ತು ಎಂದು ಕೇಳಿದರು. ನೀರು ತಳದಲ್ಲಿ ಕೂತಿರುತ್ತದಂತೆ. ಮೇಲಿನದು ಕೆಂಪಗೇ ಇಳಿದದ್ದರಿಂದ ಸುರಿಯುವಾಗ ತಿಳಿದಿಲ್ಲ.

ನನಗೆ ಆ ಕ್ಷಣವೇ ನೆನಪಾಯಿತು. ಶನಿವಾರ ಸಂಜೆ ಊಟಕ್ಕೆ ಒಂದು ತಾಟು ಕಡಿಮೆ ಬಿದ್ದಿತ್ತು. ಹೋಗಿ ಡಬ್ಬಿಯ ಮೇಲಿನದನ್ನು ತಂದು, ತೊಳೆದು, ಬಡಿಸಿದ್ದೆ. ಬೆಳಗಾಗುವುದರೊಳಗೆ ಮಳೆ ಹೊಡೆದಿತ್ತು. ತಗಡಿನ ಅಂಚಿನ ಹನಿಯೆಲ್ಲ ಆ ಎರಡು ತೂತಿನೊಳಗೆ ಇಳಿದಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಪಾಪ ಮುಂಬಯಿಯವರ ತಲೆಗೇ ಹೋಗುತ್ತಿತ್ತು. ಆದರೆ ಬಾಗಿಲೊಳಗೆ ಅತ್ತೆಯ ಕೈ ಉಂಡೆಗಳನ್ನು ಎಣಿಸುವುದು ಕಾಣುತ್ತಿತ್ತು.

"ಮ್ಯಾಲಿನ ತಾಟು ನಾನ ತಗದೆ. ನಿಮಗ ಊಟಕ್ಕ ಬೇಕಾಗಿತ್ತು" ಎಂದೆ.

ನಮ್ಮವರು ನನ್ನ ಮುಖ ನೋಡಿದರು. ಜೀವಮಾನದಲ್ಲಿ ಒಮ್ಮೆ ಸಿಕ್ಕ ಅವಕಾಶ, ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನಿಂದ ಅತ್ತೆ ಅಂದರು: "ತೂತು ಹೊಡದಾಂವ ನೀ. ಹೊರಗ ಇಡು ಅಂದಾಕಿ ನಾ. ಆಕಿಗೇನ ಅಂತೀಯೋ?" ಅಂದಿನ ಸಣ್ಣ ಸಣ್ಣ ಕೃಪೆಗಳಲ್ಲಿ ಇದು ದೊಡ್ಡದು.

ವಹಿನಿಯ ಅಣ್ಣ ನಕ್ಕು, ಹೊಸ ಎಣ್ಣೆ ಬರುವವರೆಗೆ ಪಂಪು ತಿರುಗಕೂಡದು ಎಂದು ಅದರ ಪಟ್ಟಾ ಕಳಚಿ ಕೈಗಿಟ್ಟರು. ಈಗ ಇದೂ ಎಲ್ಲರ ಗಾಡಿಯ ಹಾಗೆಯೇ, ತಿರುಗಿಸಿದರೆ ತಿರುಗುತ್ತದೆ, ಆದರೆ ತೋಳು ಬೇಕು ಎಂದರು. ಹೇಳುವಾಗ ಅವರು ನೋಡಿದ್ದು ನಮ್ಮವರ ತೋಳನ್ನು. ಮೂವತ್ತು ವರ್ಷ ರೇಷ್ಮೆ ಸೆರಗು ಬಿಡಿಸಿ ತೋರಿಸಿದ ತೋಳು ಅದು. ಅತ್ತೆ ಗಂಟನ್ನು ಮತ್ತೆ ಕಟ್ಟಿದರು.

ಸೋಮವಾರ ಹೊರಟೆವು. ಆ ಮೋಟಾರಿನ ಮುಂದಿನ ಸೀಟು ಒಂದೇ ಉದ್ದದ ಹಲಗೆಯ ಹಾಗೆ. ನಮ್ಮವರು, ನಡುವೆ ನಾನು, ಕಿಟಕಿಗೆ ಅತ್ತೆ. ಸ್ವಾರಗೇಟಿನ ಚೌಕದಲ್ಲಿ ಹೊರಳುವಷ್ಟರಲ್ಲೇ ಇವರ ಅಂಗಿ ಬೆನ್ನಿಗೆ ಅಂಟಿತ್ತು. ಸೈಕಲ್ಲಿನವರೆಲ್ಲ ಇಳಿದು ದಾರಿ ಬಿಟ್ಟರು. ಘಾಟಿನ ಎರಡನೆಯ ತಿರುವಿನಲ್ಲಿ ಮೇಲಿನಿಂದ ಒಂದು ಲಾರಿ ಬಂತು. ಸ್ಟೀರಿಂಗು ಅರ್ಧ ತಿರುಗಿ ನಿಂತಿತು, ಮೂತಿ ಅಂಚಿನ ಗೋಡೆಯ ಕಡೆಗೇ ಹೋಗುತ್ತಿತ್ತು.

"ಹಿಡಿ" ಎಂದರು, ಬಹಳ ಸಣ್ಣ ದನಿಯಲ್ಲಿ.

ನಾನು ಹಿಡಿದೆ. ಜೋಳದ ಹಿಟ್ಟು ನಾದುವಾಗ ಅಂಗೈಯ ಬುಡದಿಂದ ಒತ್ತಿ ಭುಜದಿಂದ ದೂಡುತ್ತೇವಲ್ಲ, ಹಾಗೆ ಒಂದು ಸಲ ದೂಡಿದೆ. ಮೂತಿ ಹೊರಳಿತು, ಲಾರಿ ದಾಟಿಹೋಯಿತು. ಆಮೇಲೆ ಪ್ರತಿ ತಿರುವಿನಲ್ಲೂ ಅವರು ಕಾಲಿನಿಂದ ನಡೆಸಿದರು, ಕೈಗಳು ನಾಲ್ಕಿದ್ದವು. ದಿನಕ್ಕೆ ಇಪ್ಪತ್ತು ರೊಟ್ಟಿ ಬಡಿಯುವುದು ದಂಡ ಎಂದು ಎಷ್ಟೋ ಸಲ ದೇವರ ಮುಂದೆ ಗೊಣಗಿದ್ದೆ. ಯಾವುದನ್ನು ಯಾತಕ್ಕೆ ಕೊಟ್ಟಿರುತ್ತಾನೋ ಅವನಿಗೇ ಗೊತ್ತು.

ಮಂಗಳವಾರ ಸಂಜೆ ಪಾಲಖಿ ಆ ಕಟ್ಟೆಯ ಮುಂದೆಯೇ ಹಾದುಹೋಯಿತು. ಅತ್ತೆ ಕೈಮುಗಿದು, ಒಂದೇ ಕಣ್ಣನ್ನು ಅಗಲಿಸಿ ಕೂತಿದ್ದರು. ಕಂಡಿತೇ ಎಂದು ಕೇಳಿದೆ. "ಬೆಳ್ಳಿ ಹೊಳದಂಗಾತು. ಸಾಕವ್ವಾ" ಎಂದರು. ಒಳಗೆ ನಮ್ಮವರು ನೆಂಟರನ್ನೆಲ್ಲ ಕೂಡಿಸಿಕೊಂಡು, ಪವರ್ ಇಲ್ಲದೆ ಇಡೀ ಘಾಟನ್ನು ಒಬ್ಬನೇ ಹತ್ತಿಸಿದೆ ಎಂದು ವರ್ಣಿಸುತ್ತಿದ್ದರು. ಹೇಳುವಾಗ ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದಿದ್ದರು; ಒಂದರಲ್ಲಿ ಎತ್ತಲು ಆಗುತ್ತಿರಲಿಲ್ಲ. ನಾನು ತಿದ್ದಲಿಲ್ಲ. ಇಳಿಯುವ ದಾರಿಯಲ್ಲೂ ತಿರುವುಗಳು ಅಷ್ಟೇ ಇದ್ದವು.

ಇನ್ನೊಂದು ಡಬ್ಬಿ ಬಂದದ್ದು ಮುಂದಿನ ವಾರ, ಬುಧವಾರ. ಅತ್ತೆ ಅದಕ್ಕೆ ಕುಂಕುಮ ಹಚ್ಚಿ ಒಳಗೆ ಕರೆದುಕೊಂಡರು. ಎಡಕ್ಕೊಂದು, ಬಲಕ್ಕೊಂದು ನೂರೆಂಟು ವಿಠ್ಠಲರಾಗುವಷ್ಟರಲ್ಲಿ ಎಣ್ಣೆ ದಾಳಿಂಬೆಯ ಹಾಗೆ ತಿಳಿಯಾಯಿತು. ಕಿರುಬೆರಳಿನ ಪ್ರದರ್ಶನ ಮತ್ತೆ ಶುರುವಾಯಿತು. ರಕ್ತವಲ್ಲದ ರಕ್ತಕ್ಕೆ ಹೊತ್ತ ಹರಕೆ, ಹನ್ನೊಂದು ಶನಿವಾರದ ಒಪ್ಪತ್ತು, ಅದನ್ನೂ ತೀರಿಸಿದೆ. ಮೋಟಾರಿನ ಕೆಳಗಿನ ಕಾಲು ತಾಳ ಹಾಕುತ್ತಿತ್ತಲ್ಲ, ಅದಕ್ಕೆ ಹನ್ನೊಂದು ಹೆಚ್ಚಲ್ಲ.

ಉಳಿದದ್ದು ನನ್ನ ಬಾಣಲೆ. ಆ ಬುಧವಾರ ಮಧ್ಯಾಹ್ನವೇ ಹಿತ್ತಿಲಲ್ಲಿ ಕೂತು ಬೂದಿ ಹಾಕಿ ತಿಕ್ಕಿದೆ, ಸೀಗೆಪುಡಿ ಹಾಕಿ ತಿಕ್ಕಿದೆ, ಹುಣಸೆ ಹಚ್ಚಿ ತಿಕ್ಕಿದೆ. ಬೆರಳಿನಿಂದ ಸವರಿ ನೋಡಿದರೆ ಜಿಡ್ಡು ಹಾಗೆಯೇ ಇತ್ತು. ಹೌದು, ಅತ್ತೆ ಅಂದ ಹಾಗೆ ಎಣ್ಣೆಯೇ. ಸೆರಗು ಸಿಕ್ಕಿಸಿಕೊಂಡು ಇನ್ನೊಂದು ಹಿಡಿ ಬೂದಿ ಹಾಕಿದೆ.