ಅಂಟಿನ ಮೇಲೆ ಹೊರಿಸಿದ ಅಪವಾದ

ವಿಮಾನ ಬಿದ್ದಾಗ ತಪ್ಪು ಯಾರದ್ದೂ ಆಗಿರುವುದಿಲ್ಲ. ಗಾಬರಿಯಾಗಬೇಡಿ, ನಾನು ಹೇಳುತ್ತಿರುವುದು ಜನ ಕೂತು ಹೋಗುವ ವಿಮಾನದ ವಿಷಯವಲ್ಲ. ಕಾಲೇಜಿನ ಮಕ್ಕಳು ಥರ್ಮಾಕೋಲು, ಕಡ್ಡಿ, ಬೆಂಕಿಪೊಟ್ಟಣದಷ್ಟು ದೊಡ್ಡ ಮೋಟಾರು ಜೋಡಿಸಿ ಸ್ಪರ್ಧೆಗೆ ತರುತ್ತಾರಲ್ಲ, ಎರಡು ಕೈಯಲ್ಲಿ ಹಿಡಿದುಕೊಳ್ಳಬಹುದಾದ ಪುಟ್ಟ ವಿಮಾನಗಳು, ಅವುಗಳ ವಿಷಯ. ಅದು ಹಾರಿದರೆ ತಂಡದವರ ಬುದ್ಧಿವಂತಿಕೆ. ಬಿದ್ದರೆ ಒಂದೋ ಗಾಳಿಯ ತಪ್ಪು, ಇಲ್ಲವೇ ಅಂಟಿನ ತಪ್ಪು. ಗಾಳಿಯನ್ನು ಕರೆಸಿ ವಿಚಾರಿಸುವ ಹಾಗಿಲ್ಲ. ಅಂಟಿಗೆ ಬಾಯಿಲ್ಲ. ಹಾಗಾಗಿ ನನ್ನ ಕೈಗೆ ಕೊಡುವ ಹಾಳೆಯಲ್ಲಿ ‘ಬಿದ್ದ ಕಾರಣ’ ಎಂಬ ಕಲಮಿನ ಎದುರು ಹತ್ತರಲ್ಲಿ ಏಳು ತಂಡದವರು ‘ಅಂಟು ಬಿಟ್ಟುಕೊಂಡಿತು’ ಎಂದೇ ಬರೆದಿರುತ್ತಾರೆ.

ನನ್ನನ್ನು ಇಂಥ ಸ್ಪರ್ಧೆಗೆ ತೀರ್ಪುಗಾರನಾಗಿ ಏಕೆ ಕರೆಯುತ್ತಾರೆ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳುತ್ತಾಳೆ. “ಮನೇಲಿ ಫ್ಯಾನಿನ ರೆಕ್ಕೆ ಒರೆಸಕ್ಕೆ ಸ್ಟೂಲು ಹತ್ತಿದ್ರೆ ತಲೆ ಸುತ್ತುತ್ತೆ ಅಂತೀರ, ಏರೋಪ್ಲೇನಿಗೆ ಮಾರ್ಕ್ಸ್ ಹಾಕಕ್ಕೆ ಹೋಗ್ತೀರ” ಎನ್ನುತ್ತಾಳೆ. ಅವಳ ಮಾತಿನಲ್ಲಿ ಸತ್ಯವಿದೆ. ನಾನು ನಿಜವಾದ ವಿಮಾನ ಹತ್ತಿರುವುದು ಒಂದೇ ಸಲ, ಅದೂ ಕಣ್ಣು ಮುಚ್ಚಿಕೊಂಡು. ಆದರೆ ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಮೆಕ್ಯಾನಿಕಲ್ ಪಾಠ ಹೇಳಿ ನಿವೃತ್ತನಾಗಿ ಹಾಸನದಲ್ಲೇ ಮನೆ ಮಾಡಿಕೊಂಡಿದ್ದೇನೆ. ಕರೆದರೆ ಬರುತ್ತೇನೆ, ಶಾಲು ಹೊದೆಸಿದರೆ ಸಂತೋಷಪಡುತ್ತೇನೆ, ಬಿಸಿಲಲ್ಲಿ ಸಂಜೆಯವರೆಗೆ ಕೂರುತ್ತೇನೆ. ತೀರ್ಪುಗಾರನಿಗೆ ಇಷ್ಟು ಅರ್ಹತೆ ಧಾರಾಳವಾಯಿತು.

ಈ ಸಲದ ಸ್ಪರ್ಧೆ ನಡೆದದ್ದು ಶಾಂತಿಗ್ರಾಮದ ಕಡೆ ಹೋಗುವ ರಸ್ತೆಯ ಪಕ್ಕದ ಒಂದು ಕಾಲೇಜಿನ ಮೈದಾನದಲ್ಲಿ. ವಿಮಾನಗಳೆಲ್ಲ ಚೆನ್ನಾಗಿದ್ದವು. ಮಕ್ಕಳು ಕೈಯಲ್ಲಿ ರಿಮೋಟು ಹಿಡಿದು ಮೈದಾನದ ಮೇಲೆ ಎಂಟರ ಅಂಕಿ ಬರೆಸಿದರು, ತಲೆಕೆಳಗು ಮಾಡಿ ಹಾರಿಸಿದರು. ಮಧ್ಯಾಹ್ನದ ಹೊತ್ತಿಗೆ ಕಾವ್ಯ ಎಂಬ ಹುಡುಗಿಯ ತಂಡದ ಸರದಿ ಬಂತು. ಹತ್ತಿರದ ದುದ್ದ ಎಂಬ ಊರಿನವಳು, ಚೂಟಿ. ವಿಮಾನ ಚೆನ್ನಾಗಿಯೇ ಎದ್ದಿತು. ಎರಡನೇ ಸುತ್ತಿನಲ್ಲಿ ಎಡರೆಕ್ಕೆ ಬುಡದಲ್ಲೇ ಮುರಿದು, ಮಿಕ್ಕಿದ್ದೆಲ್ಲ ಗಿರಗಿರನೆ ತಿರುಗಿ ಹುಲ್ಲಿಗೆ ಬಿತ್ತು. ಕಾವ್ಯ ತುಂಡುಗಳನ್ನು ಎದೆಗವಚಿಕೊಂಡು ನನ್ನ ಮೇಜಿನ ಹತ್ತಿರ ಬಂದಳು.

“ಅಂಟು ಕೈಕೊಡ್ತು ಸರ್.”

“ಅಂಟು ಹಾಕಿದ್ದು ಯಾರಮ್ಮ?” ಎಂದು ಕೇಳಿದೆ. ಹಾಗೆ ಕೇಳುವುದು ತೀರ್ಪುಗಾರನ ಕೆಲಸವಲ್ಲ. ಆದರೂ ಪ್ರತಿ ಸಲ ನನ್ನ ಬಾಯಿಗೆ ಆ ಪ್ರಶ್ನೆ ಬರುತ್ತದೆ.

ಅವಳು ಬೆರಳು ತೋರಿಸಿದ ಕಡೆ, ಹಗ್ಗದ ಆಚೆಗೆ, ಅವರ ಕಾಲೇಜಿನ ವರ್ಕ್‌ಶಾಪಿನವರೊಬ್ಬರು ನಿಂತಿದ್ದರು. ಐವತ್ತು ದಾಟಿದ ಮನುಷ್ಯ. ಖಾಕಿ ಅಂಗಿಯ ಜೇಬಿನಲ್ಲಿ ಅಂಟಿನ ಟ್ಯೂಬು ಇಣುಕುತ್ತಿತ್ತು. ನಮ್ಮ ಮಾತು ಅವರಿಗೆ ಕೇಳಿಸಿತ್ತು. ಅವರು ಆ ಟ್ಯೂಬನ್ನು ಮೆಲ್ಲಗೆ ಜೇಬಿನೊಳಕ್ಕೆ ಒತ್ತಿಕೊಂಡರು. ಅಷ್ಟೇ ಮಾಡಿದ್ದು. ಆದರೆ ನಾನು ಆ ಕೈಯನ್ನು ಹಿಂದೆಯೂ ನೋಡಿದ್ದೆ, ಬೇರೆ ಮನುಷ್ಯನ ಕೈಯಾಗಿ, ಇದೇ ಹಾಸನದಲ್ಲಿ, ನಲವತ್ತು ವರ್ಷಗಳ ಕೆಳಗೆ.

ಆಗ ನಾನು ವಿದ್ಯಾರ್ಥಿ. ಊರು ಹೊಳೆನರಸೀಪುರ, ಓದು ಹಾಸನದಲ್ಲಿ, ಹಾಸ್ಟೆಲಿನಲ್ಲಿ ವಾಸ. ನನ್ನ ಜೊತೆಗಾರ ಚನ್ನರಾಯಪಟ್ಟಣದ ನಾಗರಾಜ. ನಮಗಿಬ್ಬರಿಗೂ ವಿಮಾನದ ಹುಚ್ಚು. ಆಗಿನ ಸ್ಪರ್ಧೆಗೆ ಮೋಟಾರು, ರಿಮೋಟು ಒಂದೂ ಇರಲಿಲ್ಲ. ರಬ್ಬರು ಪಟ್ಟಿ ಹುರಿ ಮಾಡಿ ಬಿಟ್ಟರೆ ಮುಂದಿನ ಫಂಕ ತಿರುಗಬೇಕು, ವಿಮಾನ ತಾನಾಗಿ ಹಾರಬೇಕು. ಯಾರದು ಹೆಚ್ಚು ಹೊತ್ತು ಗಾಳಿಯಲ್ಲಿರುತ್ತದೋ ಅವರು ಗೆದ್ದರು. ಇದಕ್ಕೆ ಬಾಲ್ಸಾ ಎಂಬ ಹಗುರ ಮರ ಬೇಕು ಎಂದು ಪುಸ್ತಕದಲ್ಲಿತ್ತು. ಹಾಸನದ ಸಾಮಿಲ್ಲುಗಳಲ್ಲಿ ಕೇಳಿದರೆ, ತೇಗ ಉಂಟು, ಮತ್ತಿ ಉಂಟು, ಈ ಬಾಲ್ಸ ಯಾವ ಕಾಡಿನದು ಎಂದು ನಮ್ಮನ್ನೇ ಕೇಳಿದರು.

ಬೆಂಡು ಎಂದು ಹೊಳೆದದ್ದು ನನಗೆ, ಯಾರದೋ ಮದುವೆಯಲ್ಲಿ. ಮದುಮಕ್ಕಳ ಹಣೆಗೆ ಬಾಸಿಂಗ ಕಟ್ಟುತ್ತಾರಲ್ಲ, ಅದು ಬೆಂಡಿನದು. ಕೆರೆಯಂಗಳದಲ್ಲಿ ಬೆಳೆಯುವ ಗಿಡದ ಕಾಂಡ. ಸಿಪ್ಪೆ ಹೆರೆದರೆ ಒಳಗೆ ಹಾಲಿನಂತೆ ಬೆಳ್ಳಗೆ, ಅಂಗೈಯಲ್ಲಿಟ್ಟರೆ ಇಟ್ಟಿದ್ದೇ ತಿಳಿಯದಷ್ಟು ಹಗುರ. ನಮ್ಮ ಭಾಷೆ ಈ ಬಡಪಾಯಿ ಕಾಂಡಕ್ಕೆ ಮಾಡಿರುವ ಅನ್ಯಾಯ ಅಷ್ಟಿಷ್ಟಲ್ಲ. ದಣಿದವನು ಬೆಂಡಾಗಿ ಹೋದೆ ಎನ್ನುತ್ತಾನೆ, ಹೊಡೆಯುವವನು ಬೆಂಡೆತ್ತುತ್ತೇನೆ ಎನ್ನುತ್ತಾನೆ. ಜೀವಮಾನದ ಅತಿ ದೊಡ್ಡ ಮುಹೂರ್ತದಲ್ಲಿ ಮಾತ್ರ ಅದನ್ನೇ ಹಣೆಗೆ ಕಟ್ಟಿಸಿಕೊಳ್ಳುತ್ತಾನೆ.

ವಿಚಾರಿಸಿಕೊಂಡು ಹೋದರೆ ಅರಕಲಗೂಡಿನಲ್ಲಿ ಬಾಸಿಂಗದ ಚನ್ನಪ್ಪ ಎಂಬುವವರಿದ್ದರು. ಅವರಿಗೆ ಆಗಲೇ ಅರವತ್ತೈದು ದಾಟಿತ್ತು. ನಾವು ತಾತ ಎಂದೆವು. ಜಗಲಿಯ ತುಂಬ ಬೆಂಡಿನ ಸಿಪ್ಪೆ, ಮಡಕೆಯಲ್ಲಿ ಹುಣಸೆ ಬೀಜದ ಅಂಟು. ನಾವು ಹಾಳೆ ಬಿಚ್ಚಿ ರೆಕ್ಕೆಯ ನಕ್ಷೆ ತೋರಿಸಿದೆವು. ತಾತ ಅದನ್ನು ನೋಡಲಿಲ್ಲ. “ಅಕ್ಕಿ ಎಂಗೈತೋ ಅಂಗೆ ತಾನೆ?” ಎಂದರು. ಹಕ್ಕಿ ಹೇಗಿದೆಯೋ ಹಾಗೇ ಎಂದು ಒಪ್ಪಿಕೊಂಡೆವು. ನಾಲ್ಕು ಭಾನುವಾರ ಹೋಗಿ ಕೂತೆವು. ಕೂದಲೆಳೆಯಷ್ಟು ತೆಳುವಾಗಿ ಬೆಂಡು ಸೀಳುವ ಅವರ ಕೈ ನೋಡುತ್ತ ನಮ್ಮ ಲೆಕ್ಕಗಳೆಲ್ಲ ಮರೆತುಹೋಗುತ್ತಿದ್ದವು.

ವಿಮಾನ ಮುಗಿಯಿತು. ಕೊನೆಗೆ ತಾತ ರೆಕ್ಕೆಯ ಮುಂದಿನ ಅಂಚಿಗೆ ಉದ್ದಕ್ಕೂ ಜರಿ ಕಾಗದ ಅಂಟಿಸಿ, ಬಾಸಿಂಗದ ನಡುವೆ ಇರುತ್ತದಲ್ಲ, ಅಂಥ ಒಂದು ಕನ್ನಡಿ ಬಿಲ್ಲೆಯನ್ನು ವಿಮಾನದ ಮೂತಿಯ ಮೇಲೆ ಕೂರಿಸಿದರು. ಇದು ಬೇಡ ತಾತ, ಭಾರವಾಗುತ್ತದೆ ಎಂದೆವು.

“ಬೋಳು ಬೆಂಡ ಮನೆಯಿಂದ ಈಚೆಗೆ ಕೊಡಾಕಿಲ್ಲ ಕಣ್ರಪ್ಪ. ನಮ್ ತಾತನ ಕಾಲದಿಂದ ಕೊಟ್ಟಿಲ್ಲ. ಜರಿ ಇಲ್ದೆ ಓದ್ರೆ ಅದು ಒಳ್ಳೇದಕ್ಕಲ್ಲ” ಎಂದರು. ಅದು ಅವರ ಕಸುಬಿನ ನೇಮ. ಆಮೇಲೆ ವಿಮಾನವನ್ನು ಎತ್ತಿ ಬೀದಿಯುದ್ದಕ್ಕೆ ಸುಮ್ಮನೆ ಬಿಟ್ಟರು. ಅದು ಸಲೀಸಾಗಿ ತೇಲಿಕೊಂಡು ಹೋಗಿ ಮೂರು ಮನೆ ದಾಟಿ ಬಾವಿಕಟ್ಟೆಯ ಹತ್ತಿರ ಇಳಿಯಿತು. ಬೀದಿಯ ಹೆಂಗಸರು ನಕ್ಕರು. ನನಗೆ ಆ ಗಳಿಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಷ್ಟು ಸಂತೋಷವನ್ನು ನಾನು ಆಮೇಲೆ ಕೆಲಸ ಸಿಕ್ಕಾಗಲೂ ಪಟ್ಟಿಲ್ಲ.

ಅಲ್ಲಿಗೆ ಬಿಟ್ಟಿದ್ದರೆ ಮುಗಿದಿತ್ತು. ಆದರೆ ನಾವು ಓದಿದವರು. ಹಾಸನಕ್ಕೆ ಬಂದವರೇ ವಿಮಾನವನ್ನು ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿಟ್ಟು ತೂಗಿದೆವು. ಭಾರ ಕಡಿಮೆಯಾದಷ್ಟೂ ಹೆಚ್ಚು ಹೊತ್ತು ಹಾರುತ್ತದೆ, ಜರಿ ಮತ್ತು ಕನ್ನಡಿ ದಂಡದ ಭಾರ ಎಂದು ನಾನು ತೀರ್ಮಾನ ಕೊಟ್ಟೆ. ಭಾನುವಾರ ಮಧ್ಯಾಹ್ನ ಹಾಸ್ಟೆಲಿನ ಕೋಣೆಯಲ್ಲಿ ಕೂತು ಗಡ್ಡದ ಬ್ಲೇಡಿನಿಂದ ಎಲ್ಲ ಕೆರೆದು ತೆಗೆದೆವು. ಹುಣಸೆ ಬೀಜದ ಅಂಟು ಬಿಡಲೊಲ್ಲದು. ಕನ್ನಡಿ ಬಿಲ್ಲೆ ಏಳುವಷ್ಟರಲ್ಲಿ ಒಂದು ಬ್ಲೇಡು ಮುರಿದು ಎರಡಾಯಿತು. ವಿಮಾನ ಬೋಳಾಯಿತು, ನಮಗೆ ವೈಜ್ಞಾನಿಕವಾಗಿ ಕಂಡಿತು.

ಸ್ಪರ್ಧೆಯ ದಿನ ನಾನು ರಬ್ಬರು ಹುರಿ ಮಾಡಿ ಬಿಟ್ಟೆ. ವಿಮಾನ ಮೂತಿ ಮೇಲೆತ್ತಿ ಸೀದಾ ಆಕಾಶಕ್ಕೆ ಹೊರಟಿತು. ಚಪ್ಪಾಳೆ ಬಿತ್ತು. ಅರ್ಧದಲ್ಲಿ ಅದಕ್ಕೆ ಏನೋ ಮರೆತುಹೋದ ಹಾಗೆ ನಿಂತು, ಬಾಲ ಕೆಳಗಾಗಿ ಹಿಮ್ಮುಖ ಜಾರಿ, ನೆಲಕ್ಕೆ ಬಡಿದು ಚೂರಾಯಿತು. ಮುಂದಿನ ಭಾರ ತೆಗೆದರೆ ಬಾಲ ಜಗ್ಗುತ್ತದೆ, ಮೂತಿ ಏಳುತ್ತದೆ, ಬೀಳುತ್ತದೆ. ಇಷ್ಟು ಸರಳ ಸಂಗತಿ ನನಗೆ ಅರ್ಥವಾದದ್ದು ಏಳೆಂಟು ವರ್ಷದ ಮೇಲೆ, ಗುರುತ್ವಕೇಂದ್ರದ ಪಾಠ ಮಾಡುತ್ತ ಬೋರ್ಡಿನ ಮೇಲೆ ವಿಮಾನದ ಚಿತ್ರ ಬರೆದಾಗ. ಸೀಮೆಸುಣ್ಣ ಕೈಯಲ್ಲೇ ಉಳಿಯಿತು. ತಾತನ ಜರಿ ಮತ್ತು ಕನ್ನಡಿಯೇ ವಿಮಾನವನ್ನು ಸಮ ತೂಗಿಸುತ್ತಿದ್ದವು, ನಾವು ಅವನ್ನೇ ಕೆರೆದು ಹಾಕಿದ್ದೆವು.

ಆದರೆ ನನ್ನನ್ನು ಇಷ್ಟು ವರ್ಷ ಕಾಡಿದ್ದು ವಿಮಾನ ಬಿದ್ದದ್ದಲ್ಲ. ನಮಗೆ ಹೇಳದೆ ತಾತ ಅಂದು ಬೆಳಗಿನ ಬಸ್ಸು ಹಿಡಿದು ಹಾಸನಕ್ಕೆ ಬಂದಿದ್ದರು. ಮಡಿ ಪಂಚೆ, ಹೆಗಲ ಮೇಲೆ ಟವೆಲು. ಜನರ ನಡುವಿನಿಂದ ಬಂದು ಕುಕ್ಕುರುಗಾಲಿನಲ್ಲಿ ಕೂತು ತುಂಡುಗಳನ್ನು ಆರಿಸಿದರು. ರೆಕ್ಕೆಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

“ಜರಿ ಎಲ್ಲೋಯ್ತಪ್ಪಾ? ಕನ್ನಡಿ?”

ನಾಗರಾಜ ನನ್ನ ಮುಖ ನೋಡಿದ. ಹೇಳಿದ್ದು ನಾನೇ. “ಬಸ್ಸಲ್ಲಿ ಉದುರೋಯ್ತು ತಾತ. ಅಂಟು ಬಿಟ್ಕೊಂಡ್ಬುಡ್ತು.”

ಅವರು ಅಂಟಿನ ಕರೆ ಹಿಡಿದ ಆ ಬಲಗೈಯನ್ನು ಟವೆಲಿನೊಳಗೆ ಮೆಲ್ಲಗೆ ಎಳೆದುಕೊಂಡರು. “ನಾನು ಸರ್ಯಾಗಿ ಕಾಯಿಸ್ಲಿಲ್ವೇನೋ. ಮದ್ವೆ ಮನೇಲಾಗಿದ್ರೆ ಏನ್ ಗತಿ. ಬೇಜಾರ್ ಮಾಡ್ಕಬೇಡ್ರಪ್ಪ, ನನ್ನಿಂದ ನಿಮ್ಗೆ ಸೋಲಾಯ್ತು” ಎಂದರು. ನಮ್ಮಲ್ಲಿ ಕ್ಷಮೆ ಕೇಳಿ, ಬಸ್ಸು ಹತ್ತಿ ಹೋದರು. ನಾವು ಕೇಳಿಸಿಕೊಂಡೆವು, ನಿಜ ಹೇಳಲಿಲ್ಲ.

ಹಾಸನಕ್ಕೂ ಅರಕಲಗೂಡಿಗೂ ಮಹಾ ದೂರವೇನಿಲ್ಲ. ಹೋಗಿ ಹೇಳಿಬಿಡಬೇಕು ಎಂದು ನಾನು ಎಷ್ಟು ಸಲ ಹೊರಟಿಲ್ಲ. ಪರೀಕ್ಷೆ ಮುಗಿಯಲಿ ಎಂದುಕೊಂಡೆ, ಕೆಲಸ ಸಿಗಲಿ ಎಂದುಕೊಂಡೆ, ಮದುವೆಗೆ ಬಾಸಿಂಗ ತರುವ ನೆಪದಲ್ಲಿ ಹೋಗೋಣ ಎಂದುಕೊಂಡು ಬಾಸಿಂಗ ತರಲು ಚಿಕ್ಕಪ್ಪನನ್ನು ಕಳಿಸಿದೆ. ನಡುವೆ ತಾತ ತೀರಿಕೊಂಡ ಸುದ್ದಿ ಬಂತು. ಅಪರಾಧ ಹಳೆಯದಾದಷ್ಟೂ ಕರಗುತ್ತದೆ ಎಂದುಕೊಂಡಿದ್ದೆ. ಅದು ಆ ಅಂಟಿನ ಹಾಗೇ ಕಚ್ಚಿಕೊಂಡಿತ್ತು. ಒಮ್ಮೆ ಫೋನಿನಲ್ಲಿ ನಾಗರಾಜನ ಹತ್ತಿರ ತೋಡಿಕೊಂಡರೆ, “ಅದಿನ್ನೂ ತಲೇಲ್ ಇಟ್ಕಂಡಿದೀಯೇನ್ಲಾ? ನಂಗೆ ಮೊನ್ನೆ ತಿಂದಿದ್ದೇ ಗ್ಯಾಪ್ನ ಇರಲ್ಲ” ಎಂದು ನಕ್ಕ. ಫೋನು ಇಡುವ ಮುಂಚೆ, “ನಾನಾದ್ರೂ ಬಾಯ್ಬುಡ್ಬೋದಿತ್ತು ಕಣ್ಲಾ” ಎಂದ.

ಇದೆಲ್ಲ ತಲೆಯಲ್ಲಿ ಸುತ್ತುತ್ತಿರುವಾಗ ಮೈದಾನದಲ್ಲಿ ಕಾವ್ಯ ಮತ್ತೆ ನನ್ನ ಮೇಜಿನ ಮುಂದೆ ನಿಂತಿದ್ದಳು. ಹೋಗಿ ಹತ್ತು ನಿಮಿಷವೂ ಆಗಿರಲಿಲ್ಲ.

“ಸರ್, ಅಂಟಲ್ಲ ಸರ್. ರೆಕ್ಕೆ ಬುಡ ಹಗುರ ಆಗ್ಲಿ ಅಂತ ಬೆಳಿಗ್ಗೆ ನಾನೇ ಸ್ವಲ್ಪ ಕೊಯ್ದಿದ್ದೆ. ವರ್ಕ್‌ಶಾಪಿನ ಅಣ್ಣಂಗೆ ಗೊತ್ತಿಲ್ಲ. ಶೀಟಲ್ಲಿ ತಿದ್ದಿ ಕೊಡ್ಲಾ?”

ತಿದ್ದಿದಳು. ಅಲ್ಲಿಂದ ನೇರ ಹಗ್ಗದ ಆಚೆಗೆ ಹೋಗಿ ಖಾಕಿ ಅಂಗಿಯವರಿಗೂ ಹೇಳಿದಳು. ಅವರು ಅವಳ ತಲೆಗೊಂದು ಸಣ್ಣ ಏಟು ಕೊಟ್ಟು ನಕ್ಕರು, ಟ್ಯೂಬು ಜೇಬಿನಿಂದ ಹೊರಗೆ ಬಂತು, ಮುರಿದ ರೆಕ್ಕೆ ಹಿಡಿದು ಇಬ್ಬರೂ ನೆಲದ ಮೇಲೆ ಕೂತರು. ನಲವತ್ತು ವರ್ಷದಲ್ಲಿ ನನ್ನ ಕೈಲಾಗದ್ದನ್ನು ಆ ಹುಡುಗಿ ಒಂದು ಟೀ ಕುಡಿಯುವಷ್ಟರಲ್ಲಿ ಮುಗಿಸಿದ್ದಳು. ಅವಳಿಗೆ ಬಹುಮಾನ ಬರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಮುಂದಿನ ವಾರ ಹೊಳೆನರಸೀಪುರದಲ್ಲಿ ನಂಟರ ಮನೆಗೆ ಹೋಗಿದ್ದವನು, ಹಳ್ಳಿಮೈಸೂರಿನ ಮೇಲೆ ಹೋಗುವ ಬಸ್ಸು ಹತ್ತಿ ಅರಕಲಗೂಡಿನಲ್ಲಿ ಇಳಿದೆ. ಬಾವಿ ಮುಚ್ಚಿದ್ದರು, ಕಟ್ಟೆ ಉಳಿದಿತ್ತು. ಜಗಲಿಯಲ್ಲಿ ತಾತನ ಸೊಸೆ ಜಯಮ್ಮ ಬಾಸಿಂಗ ಮಾಡುತ್ತ ಕೂತಿದ್ದರು. ಈಗ ಬೆಂಡಿನ ಜಾಗಕ್ಕೆ ಥರ್ಮಾಕೋಲು ಬಂದಿದೆ, ಮಡಕೆಯ ಜಾಗಕ್ಕೆ ಡಬ್ಬಿ. ಆದರೆ ಅವರು ಕನ್ನಡಿ ಬಿಲ್ಲೆಯನ್ನು ಅಂಟಿಸಿದ ಮೇಲೆ, ಅದರ ಸುತ್ತ ಸೂಜಿಯಿಂದ ನಾಲ್ಕು ಹೊಲಿಗೆಯನ್ನೂ ಹಾಕುತ್ತಿದ್ದರು. ಅಂಟಿಸಿದ್ದಕ್ಕೆ ಹೊಲಿಗೆ ಯಾಕಮ್ಮ ಎಂದು ಕೇಳಿದೆ.

“ಅದ್ ನಮ್ ಮಾವನ ಕಟ್ಲೆ ಸಾ. ನಾನ್ ಸೊಸೆಯಾಗಿ ಬರೋಕೆ ಮುಂಚೆ ಆಸನ ಪ್ಯಾಟೇಲಿ ಒಂದ್ ದಪ ಅವ್ರ ಅಂಟು ಮಾನ ಕಳೀತಂತೆ. ಅವತ್ತಿಂದ ಅಂಟ ನಂಬ್ತಿರ್ಲಿಲ್ಲ. ಒಲಿಗೆ ಆಕ್ದೆ ಒಂದ್ ಬಾಸಿಂಗನೂ ಈಚೆಗೆ ಬುಡ್ತಿರ್ಲಿಲ್ಲ.”

ನಾನು ಜಗಲಿಯ ಅಂಚಿನ ಮೇಲೆ ಕೂತುಬಿಟ್ಟೆ. ನಾನು ಯಾರು ಎಂಬುದರಿಂದ ಹಿಡಿದು ಬ್ಲೇಡಿನವರೆಗೂ ಎಲ್ಲ ಹೇಳಿದೆ. ಹೇಳುವಾಗ ಪಾಠ ಒಪ್ಪಿಸುವ ಹುಡುಗನ ಹಾಗೆ ತಡವರಿಸಿದೆ. ಜಯಮ್ಮ ಸೂಜಿ ಹಿಡಿದ ಕೈ ಮೇಲೆತ್ತಿಕೊಂಡೇ ಕೇಳಿದರು. ಆಮೇಲೆ ತೋರುಬೆರಳು ನೋಡಿಕೊಂಡು, “ಅಂಗಾರೆ ಇಷ್ಟ್ ವರ್ಸ ನನ್ ಬೆರಳ್ಗೆ ಸೂಜಿ ಚುಚ್ಚಿದ್ದು ನೀವೇ ಅನ್ನಿ” ಎಂದರು.

“ಅಂಟು ಚೆನ್ನಾಗೇ ಇತ್ತಾ?” ಎಂದು ಮತ್ತೆ ಕೇಳಿದರು.

“ಚೆನ್ನಾಗಿತ್ತಮ್ಮ. ಕೀಳೋವಾಗ ಬ್ಲೇಡೇ ಮುರೀತು.”

ಅವರು ಗೋಡೆಯ ಮೇಲಿದ್ದ ತಾತನ ಪಟದ ಕಡೆ ತಿರುಗಿ, ಪಕ್ಕದ ಕೋಣೆಯಲ್ಲಿರುವವರಿಗೆ ಹೇಳುವ ಹಾಗೆ ಹೇಳಿದರು. “ಕೇಳ್ತಾ ಮಾವ? ಅಂಟು ಬುಟ್ಟಿರ್ಲಿಲ್ವಂತೆ.”

ಇನ್ನು ಮೇಲೆ ಹೊಲಿಗೆ ಬಿಡಬಹುದಲ್ಲ ಎಂದೆ. ಗಟ್ಟಿ ಇರ್ತದೆ, ಇರ್ಲಿ ಬುಡಿ ಎಂದು ಮುಂದಿನ ಬಾಸಿಂಗ ಎತ್ತಿಕೊಂಡರು. ಸುಮ್ಮನೆ ಕೂತಿದ್ದ ನನ್ನ ಕೈಗೆ ಸೂಜಿ ದಾರ ಕೊಟ್ಟು, ಪೋಣಿಸಿಕೊಡಿ ಎಂದರು. ಬೆಳಕಿಗೆ ಹಿಡಿದು ಮೂರು ಸಲ ಪ್ರಯತ್ನಿಸಿದೆ. ದಾರ ಪಕ್ಕಕ್ಕೇ ಹೋಯಿತು. ಸೂಜಿಯ ತೂತು ಬಹಳ ಸಣ್ಣದಮ್ಮ ಎನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಆಮೇಲೆ ಸೂಜಿಯನ್ನು ಹಿಂದಕ್ಕೆ ಕೊಟ್ಟು, “ನನಗೇ ಕಾಣಿಸ್ತಿಲ್ಲಮ್ಮ” ಎಂದೆ.