ವಕೀಲಮ್ಮನ ನಿಂತ ಗಡಿಯಾರ

ವಕೀಲಮ್ಮನ ಕಚೇರಿ ಔಷಧಿ ಅಂಗಡಿಯ ಮಹಡಿಯ ಮೇಲಿತ್ತು. ಮೆಟ್ಟಿಲು ಹತ್ತಿ ಏದುಸಿರು ಬಿಡುವವರಿಗೆಂದೇ ಬಾಗಿಲ ಬಳಿ ಒಂದು ಬೆಂಚು. ಎದುರು ಗೋಡೆಯಲ್ಲಿ ದೊಡ್ಡ ಲೋಲಕದ ಗಡಿಯಾರ. ಅದು ನಿಂತು ಯಾವ ಕಾಲವಾಗಿತ್ತೋ! ಚೋಟು ಮೊದಲ ಸಲ ಬಂದವಳು ತನ್ನ ಗೋಳು ಹೇಳಿಕೊಳ್ಳುವ ಮೊದಲೇ ಅದಕ್ಕೆ ಕೈ ಹಾಕಿದಳು. ಗಡಿಯಾರ ರಿಪೇರಿಯವನ ಮಗಳಲ್ಲವೇ, ಕೈ ಸುಮ್ಮನಿದ್ದೀತೆ? ಚೋಟುದ್ದ ಇದ್ದಾಗ ಅಂಟಿದ ಹೆಸರು ದೊಡ್ಡವಳಾದರೂ ಅವಳನ್ನು ಬಿಟ್ಟಿರಲಿಲ್ಲ.

"ಮುಟ್ಟಬೇಡಮ್ಮ," ಎಂದರು ವಕೀಲಮ್ಮ. "ಕೇಸು ಮುಗಿಯೋ ತನಕ ಫೀಸು ಬಿಟ್ಟು ನಿನ್ನಿಂದ ನಂಗಿನ್ನೇನೂ ಬೇಡ."

ಅಬ್ಬಾ, ಎಂಥಾ ಬಿಗುಮಾನ ಎಂದುಕೊಂಡಳು ಚೋಟು.

ಅವಳ ಗೋಳು ಇಷ್ಟು. ಅಪ್ಪ ಸಾಯುವಾಗ ರಿಪೇರಿ ಅಂಗಡಿಯನ್ನು ಮಗಳ ಹೆಸರಿಗೆ ಬರೆದು, ಅವಳು ದೊಡ್ಡವಳಾಗುವ ತನಕ ನೋಡಿಕೊಳ್ಳೋ ಎಂದು ತಮ್ಮನ ಕೈಗೆ ಬೀಗದಕೈ ಕೊಟ್ಟಿದ್ದ. ಚಿಕ್ಕಪ್ಪ ನೋಡಿಕೊಂಡ, ಭೇಷಾಗಿ ನೋಡಿಕೊಂಡ! ಕೋರ್ಟಿನ ಅಪ್ಪಣೆಯಿಲ್ಲದೆ, ಸದ್ದಿಲ್ಲದೆ ಅಂಗಡಿಯನ್ನು ತನ್ನ ಹೆಂಡತಿಯ ತಮ್ಮನಿಗೆ ಮೂರು ಕಾಸಿಗೆ ಮಾರಿ, ತಾನೇ ಗಲ್ಲಾಪೆಟ್ಟಿಗೆಯ ಹಿಂದೆ ಕೂತುಬಿಟ್ಟ. ಚೋಟು ಯಾರದೋ ಅಂಗಡಿಯ ಮೂಲೆಯಲ್ಲಿ ಬೆನ್ನು ಬಗ್ಗಿಸಿ ದುಡಿಯುತ್ತಿದ್ದಳು. ಅಪ್ಪನ ಮೇಜಿನ ಮುಂದೆ ತಾನು ಕೂರಬೇಕು, ಅಷ್ಟೇ ಅವಳ ಆಸೆ.

ಕೆಲವು ದಿನಗಳ ಮೇಲೆ ಅವಳು ಕಚೇರಿಯ ಒಳಕೋಣೆಯಲ್ಲಿ ಕಾಗದಗಳಿಗೆ ಸಹಿ ಹಾಕುತ್ತಿರುವಾಗ ಹೊರಗೆ ಕೆಮ್ಮಿದ್ದು ಕೇಳಿಸಿತು. ಚಿಕ್ಕಪ್ಪನ ಕೆಮ್ಮು! ಅಣ್ಣನ ಮಗಳು ಕೋರ್ಟಿಗೆ ಹೋಗುತ್ತಾಳಂತೆ ಎಂಬ ಸುದ್ದಿ ಕಿವಿಗೆ ಬಿದ್ದು, ಅವಳು ಈಗಾಗಲೇ ಇಲ್ಲಿಗೇ ಬಂದಿದ್ದಾಳೆಂದು ತಿಳಿಯದೆ, ಅವನೂ ಇದೇ ಮೆಟ್ಟಿಲು ಹತ್ತಿದ್ದ.

"ಮೇಡಂ, ನಿಮ್ಮನ್ನೇ ನಂಬ್ಕೊಂಡು ಬಂದಿದೀನಿ. ನಮ್ಮಣ್ಣನ ಗಡಿಯಾರದ ಅಂಗಡಿ ಮಾರಾಟದಲ್ಲಿ ನಿಜವಾಗ್ಲೂ ಏನಾಯ್ತು ಅಂದ್ರೆ..."

ಚೋಟು ಪೆನ್ನು ಕೆಳಗಿಟ್ಟು ಬಾಗಿಲಿಗೆ ಕಿವಿಯಾನಿಸಿದಳು. ಹೇಳು, ಎಲ್ಲಾ ಕಕ್ಕು!

"ನಿಲ್ಸಿ," ಎಂದರು ವಕೀಲಮ್ಮ. "ಒಂದಕ್ಷರನೂ ಹೇಳಬೇಡಿ. ನಾನು ನಿಮ್ಮ ಅಣ್ಣನ ಮಗಳ ವಕೀಲೆ. ನೀವು ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಚಿಕ್ಕಪ್ಪ ಇಳಿದು ಹೋದದ್ದೇ ತಡ, ಚೋಟು ಕೆಂಡಾಮಂಡಲವಾಗಿ ಹೊರಗೆ ಬಂದಳು. "ಎಂಥಾ ಕೆಲಸ ಮಾಡಿದ್ರಿ! ಇನ್ನೊಂದು ನಿಮಿಷ ಸುಮ್ನಿದ್ದಿದ್ರೆ ಎಲ್ಲಾ ತಾನೇ ಒಪ್ಕೊತಿದ್ದ!"

"ಒಪ್ಕೊತಿದ್ದ. ನಾನು ಅವನ ಕಡೆ ಅಂತ ನಂಬಿ ಒಪ್ಕೊತಿದ್ದ," ಎಂದರು ವಕೀಲಮ್ಮ. "ನಂಬಿದೋರಿಗೆ ಅವನು ಮಾಡಿದ್ದೂ ಅದನ್ನೇ ಅಲ್ವಾ? ಅಂಥ ಕೆಲಸ ಮಾಡೋ ವಕೀಲೆ ಬೇಕಾದ್ರೆ ಬೇರೆ ಕಡೆ ಹುಡ್ಕೊಳಮ್ಮ."

ಚೋಟು ಬೇರೆ ಕಡೆ ಹುಡುಕಲಿಲ್ಲ. ಆದರೆ ಅಂಗಡಿ ಕೈತಪ್ಪಿದಂತೆಯೇ ಎಂದು ಆ ರಾತ್ರಿ ಅತ್ತಳು, ಪಾಪ.

ಕೋರ್ಟಿನಲ್ಲಿ ಚಿಕ್ಕಪ್ಪನ ವಕೀಲರು ಗಂಟಲು ಹರಿಯುವಂತೆ ವಾದಿಸಿದರು. ಅಂಗಡಿ ಹಾಳು ಬಿದ್ದಿತ್ತಂತೆ, ಮಾರಿದ್ದು ಹುಡುಗಿಯ ಒಳ್ಳೆಯದಕ್ಕಂತೆ! ವಕೀಲಮ್ಮ ಎದ್ದು ದನಿ ಏರಿಸದೆ ಕೇಳಿದರು: "ಮಾರಿದೋರು ನೀವು. ಕೊಂಡೋರು ನಿಮ್ಮ ಹೆಂಡ್ತಿ ತಮ್ಮ. ಆ ದಿನ ಈ ಹುಡುಗಿ ಕಡೆಯಿಂದ ಮಾತಾಡೋಕೆ ಅಲ್ಲಿ ಯಾರಿದ್ರು?"

ಚಿಕ್ಕಪ್ಪ ತನ್ನ ವಕೀಲರ ಕಡೆ ತಿರುಗಿದ; ಅವರು ಕಾಗದ ತಿರುವಿಹಾಕಿದರು. ನ್ಯಾಯಾಧೀಶರು ಕ್ರಯಪತ್ರದ ಮೇಲಿನ ಸಹಿಗಳನ್ನು ಒಂದೊಂದಾಗಿ ನೋಡಿದರು. ಅವನ ಗುಟ್ಟು ಕದಿಯದೆಯೂ ಗೆಲ್ಲಬಹುದೇ ಎಂದು ಚೋಟು ಬೆರಗಾದಳು! ಮಾರಾಟ ರದ್ದಾಯಿತು.

ಹೊರಗೆ ಚಿಕ್ಕಪ್ಪ ಮುಖವೆತ್ತಲಾರದೆ ಬೀಗದಕೈಯನ್ನು ವಕೀಲಮ್ಮನ ಕಡೆ ಚಾಚಿದ. ಅವರು ಎರಡೂ ಕೈ ಹಿಂದೆ ಕಟ್ಟಿಕೊಂಡರು. "ನಂಗ್ಯಾಕೆ? ಯಾರದೋ ಅವರಿಗೆ ಕೊಡಿ."

ಕೊಟ್ಟ. ಆಗ ಅವನ ಕಣ್ಣು ತುಂಬಿತ್ತು. ಚೋಟು ಅದನ್ನು ನೋಡಿ, ಬೀಗದಕೈ ಹಿಡಿದು ಅಂಗಡಿಯ ಕಡೆ ನಡೆದಳು.

ಅಂಗಡಿ ತೆರೆದ ವಾರದಲ್ಲೇ ಒಂದು ಬೆಳಿಗ್ಗೆ ವಕೀಲಮ್ಮ ಹಳೇ ಸೀರೆಯಲ್ಲಿ ಸುತ್ತಿದ ಆ ದೊಡ್ಡ ಗಡಿಯಾರವನ್ನು ತಾವೇ ಹೊತ್ತು ತಂದು, ಬೇರೆ ಗಿರಾಕಿಗಳ ಹಿಂದೆ ನಿಂತರು. ಚೋಟು ಹೌಹಾರಿ ಎದ್ದಳು.

"ಕೂತ್ಕೋ. ನನ್ನ ಸರದಿ ಬರ್ಲಿ," ಎಂದರು. "ನಮ್ಮಜ್ಜಿದು ಇದು. ಇಷ್ಟು ವರ್ಷ ಯಾರ ಕೈಗೂ ಕೊಡೋಕೆ ಮನಸ್ಸು ಬರ್ಲಿಲ್ಲ."

ಸರದಿ ಬಂದಾಗ ಚೋಟು ರಸೀದಿ ಬರೆಯಲು ಹೋದಳು.

"ರಸೀದಿ ಯಾಕೆ? ನಿನ್ನ ಹತ್ರ ತಾನೇ ಇರೋದು," ಎಂದು ವಕೀಲಮ್ಮ ಹೊರಟೇಹೋದರು.

ಚೋಟು ಗಡಿಯಾರವನ್ನು ಎರಡೂ ಕೈಯಲ್ಲಿ ಎತ್ತಿ ಅಪ್ಪನ ಮೇಜಿನ ಮೇಲಿಟ್ಟಳು. ಬಿಚ್ಚುವ ಮೊದಲು ಹಿತ್ತಲ ನಲ್ಲಿಗೆ ಹೋಗಿ ಮತ್ತೊಮ್ಮೆ ಕೈ ತೊಳೆದುಕೊಂಡು ಬಂದಳು.