ಇಂಗ್ಲಿಷ್ ಮಿಸ್ ಮುಟ್ಟಿದ ತಟ್ಟೆ

ಹೊಸ ಪುಸ್ತಕದ ಅಂಟಿನ ವಾಸನೆ ನನಗೆ ಮೊದಲಿನಿಂದಲೂ ಇಷ್ಟ. ಮೊನ್ನೆ ಮೊಮ್ಮಗಳ ಇಂಗ್ಲಿಷ್ ವ್ಯಾಕರಣದ ಪುಸ್ತಕಕ್ಕೆ ಬೈಂಡ್ ಹಾಕುತ್ತಾ ಪುಟ ತಿರುವಿದೆ. "ಆಲ್ ಟಾಕ್ ಅಂಡ್ ನೋ ಆಕ್ಷನ್" ಎಂಬ ಸಾಲು ಕಣ್ಣಿಗೆ ಬಿತ್ತು. ಅದರ ಕೆಳಗೇ "ಲಿಪ್ ಸರ್ವೀಸ್"... ಹೊಸಕೋಟೆಯ ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಹೇಳಿಕೊಟ್ಟ ಮಿಸ್ ನೆನಪಾದರು.

ಅದು ಸಾವಿರದ ಒಂಬೈನೂರ ಎಪ್ಪತ್ತರ ಆಸುಪಾಸು. ಮಿಸ್ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಬಾಡಿಗೆಗಿದ್ದರು. ಚಿಕ್ಕ ವಯಸ್ಸಿಗೇ ಗಂಡ ತೀರಿಹೋಗಿದ್ದರು. ಬೆಳಿಗ್ಗೆ ಅವರು ರಸ್ತೆಗಿಳಿದರೆ ಎದುರು ಬರುವವರು ಒಂದು ಗಳಿಗೆ ನಿಂತು, ಅವರು ದಾಟಿದ ಮೇಲೆ ಹೊರಡುತ್ತಿದ್ದರು. ಪರೀಕ್ಷೆಯ ದಿನ ಹುಡುಗಿಯರೂ ಪಕ್ಕಕ್ಕೆ ಸರಿದರೆ, "ನನ್ ಮುಖ ನೋಡಿದ್ರೆ ಮಾರ್ಕ್ಸ್ ಕಮ್ಮಿ ಆಗಲ್ಲ ಕಣ್ರೇ, ಓದ್ದಿದ್ರೆ ಆಗುತ್ತೆ" ಎಂದು ನಗುತ್ತಿದ್ದರು. ಇದೆಲ್ಲ ಮೂಢನಂಬಿಕೆ ಎಂದು ನಮ್ಮಮ್ಮನ ಹತ್ತಿರವೂ ವಾದ ಮಾಡುತ್ತಿದ್ದರು. ಅಮ್ಮ ಹೂಂಗುಟ್ಟುತ್ತಿದ್ದರು. ಆದರೂ ನಮ್ಮ ಮನೆಯಲ್ಲಿ ಶುಭಕಾರ್ಯವೆಂದರೆ ಮಿಸ್ ಕೋಣೆಗೆ ಬೀಗ ಹಾಕಿಕೊಂಡು ಬೆಂಗಳೂರಿನ ಬಸ್ಸು ಹತ್ತಿಬಿಡುತ್ತಿದ್ದರು. ಯಾರ ಬಾಯಲ್ಲೂ ಹೇಳಿಸಿಕೊಳ್ಳುವುದು ಬೇಡವೆಂದೇನೋ.

ಕ್ಲಾಸಿನಲ್ಲಿ ಒಂದು ದಿನ ಈ ನುಡಿಗಟ್ಟುಗಳ ಪಾಠ. ಆಲ್ ಟಾಕ್ ಅಂಡ್ ನೋ ಆಕ್ಷನ್ ಅಂದರೆ ಬಾಯಿ ದೊಡ್ಡದು, ಕೆಲಸ ಸೊನ್ನೆ. ಲಿಪ್ ಸರ್ವೀಸ್ ಅಂದರೆ ಬರೀ ಬಾಯುಪಚಾರ. ನಿಮ್ಮ ಮನೆಯದೇ ಒಂದೊಂದು ವಾಕ್ಯ ಹೇಳಿ ಅಂದರು. ನಾನು ಎದ್ದು ನಿಂತು "ಮೈ ಫಾದರ್ ಈಸ್ ಆಲ್ ಟಾಕ್ ಅಂಡ್ ನೋ ಆಕ್ಷನ್" ಅಂದೆ. ಕ್ಲಾಸೆಲ್ಲ ಗೊಳ್ಳೆಂದಿತು. "ವಾಕ್ಯ ಸರಿಯಾಗಿದೆ, ಕೂತ್ಕೊ" ಅಂದರು ಮಿಸ್. ಅವರಿಗೂ ನಗು ಬಂದಿತ್ತು.

ನಮ್ಮಪ್ಪ ಯಾರಿಗೂ ಇಲ್ಲ ಅಂದವರಲ್ಲ. ಎಲ್ಲದಕ್ಕೂ ಹೂಂ ಅಂದು ಕೊನೆಗೆ ತಮಗೆ ತೋಚಿದ್ದನ್ನೇ ಮಾಡುತ್ತಿದ್ದರು. ನನ್ನನ್ನು ಎಸ್ಸೆಸ್ಸೆಲ್ಸಿ ಮುಗಿಸಿ ಮುಂದಕ್ಕೆ ಓದಿಸಿ ಎಂದು ಮಿಸ್ ಎಷ್ಟೋ ಸಲ ಬಂದು ಹೇಳಿದರು. ಅಪ್ಪ ಪ್ರತಿ ಸಲವೂ ಕಾಫಿ ತರಿಸಿ, "ನೀವ್ ಹೇಳಿದ್ ಮೇಲೆ ಮುಗೀತು ಟೀಚರಮ್ಮ, ಓದಿಸ್ದೆ ಇರ್ತೀನಾ?" ಅನ್ನುತ್ತಿದ್ದರು. ಪರೀಕ್ಷೆ ಹತ್ತಿರ ಬಂದಾಗ ಸಮೇತನಹಳ್ಳಿಯ ಗಂಡು ಗೊತ್ತು ಮಾಡಿ ಬಂದರು. ಪರೀಕ್ಷೆಗೆ ಮುಂಚೆಯೇ ಮದುವೆ. ಮಿಸ್ ಮತ್ತೆ ಬಂದರು. ಮತ್ತೆ ಕಾಫಿ, ಮತ್ತೆ ಹೂಂ. ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಅಳು ಬರಲಿಲ್ಲ. ಕಾಫಿ ಲೋಟ ತೊಳೆದಿಟ್ಟೆ.

ನಮ್ಮ ಕಡೆ ಮದುವೆ ಮಾತು ಎಷ್ಟು ದಿನ ಆಡಿದರೂ ಯಾರೂ ಅದಕ್ಕೆ ಕಟ್ಟುಬೀಳಬೇಕಿಲ್ಲ. ಎಲೆ ಅಡಿಕೆ ತಟ್ಟೆ ಬದಲಾಯಿಸಿಕೊಂಡರೆ ಮಾತ್ರ ಮದುವೆ ಗಟ್ಟಿಯಾದ ಹಾಗೆ. ಆ ತಟ್ಟೆಯನ್ನು ಮುತ್ತೈದೆಯೇ ತರಬೇಕು.

ಅವತ್ತು ಭಾನುವಾರ. ಪಡಸಾಲೆಯಲ್ಲಿ ಕಂಬಳಿ ಹಾಸಿ, ಕಳಶದ ಪಕ್ಕ ತಟ್ಟೆ ಇಟ್ಟಿದ್ದರು. ಗಂಡಿನ ಕಡೆಯವರು ಬಂದು ಕೂತಿದ್ದರು. ಮಿಸ್ ಬಸ್ಸು ಹತ್ತಿರುತ್ತಾರೆ ಅಂದುಕೊಂಡಿದ್ದೆವು. ಚಿಕ್ಕಮ್ಮ ತಟ್ಟೆ ಎತ್ತಲು ಬಗ್ಗುವ ಹೊತ್ತಿಗೆ ಮಿಸ್ ಒಳಗೆ ಬಂದರು. ಯಾರ ಕಡೆಯೂ ನೋಡದೆ ನೆಟ್ಟಗೆ ಹೋಗಿ ಎರಡೂ ಕೈಯಲ್ಲಿ ತಟ್ಟೆ ಎತ್ತಿ, ಅಪ್ಪನ ಮುಂದೆ ಹಿಡಿದರು.

"ತಗೊಳಿ ಯಜಮಾನ್ರೇ."

ಅಪ್ಪನ ಬಾಯಿಂದ ಮೊದಲ ಸಲ ಹೂಂ ಬರಲಿಲ್ಲ. ಗಂಡಿನ ಅಜ್ಜಿ ಸೆರಗು ಸುತ್ತಿಕೊಂಡು ಎದ್ದರು. "ಏಳ್ರಪ್ಪಾ, ಏಳಿ. ಇನ್ನೇನೈತೆ ಇಲ್ಲಿ?" ಅಂದರು. ಎಲ್ಲರೂ ಅವರ ಹಿಂದೆಯೇ ಹೊರಟರು.

"ಕೋಣೆ ಖಾಲಿ ಮಾಡಮ್ಮ" ಅಂದರು ಅಪ್ಪ. "ಆಯ್ತು" ಅಂದರು ಮಿಸ್. ತಟ್ಟೆಯನ್ನು ಕಳಶದ ಪಕ್ಕ ಇಟ್ಟು ಕೋಣೆಗೆ ಹೋದರು.

ಆ ಮನೆಯಲ್ಲಿ ಅಪಶಕುನವಾಯಿತು ಎಂಬ ಸುದ್ದಿ ಹಬ್ಬಿ, ಬಹಳ ದಿನ ನನ್ನನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಸುಮ್ಮನೆ ಕೂರಿಸುವುದೇಕೆಂದು ಅಪ್ಪ ಪರೀಕ್ಷೆಗೆ ಕಳಿಸಿದರು. ಪಾಸಾದೆ. ಟೀಚರ್ ಟ್ರೈನಿಂಗಿಗೂ ಹೋದೆ, ಕೆಲಸವೂ ಸಿಕ್ಕಿತು. ಮಿಸ್‌ಗೆ ಮಾತ್ರ ಹೊಸಕೋಟೆಯಲ್ಲಿ ಇನ್ನೊಂದು ಮನೆ ಸಿಗಲಿಲ್ಲ. ಸಾಸಲು ಕಡೆಗೆ ವರ್ಗ ಮಾಡಿಸಿಕೊಂಡು ಹೋದರು. ನನ್ನ ಮದುವೆ ತಡವಾಗಿ, ನಾನು ಒಪ್ಪಿದ ಗಂಡಿನ ಜೊತೆಗೇ ಆಯಿತು. ಮಿಸ್‌ಗೂ ಒಂದು ಪತ್ರಿಕೆ ಕಳಿಸಿ ಅಂದಿದ್ದೆ. ಅಪ್ಪ ಹೂಂ ಅಂದರು. ಕಳಿಸಲಿಲ್ಲ.

ಮಿಸ್ ತೀರಿಕೊಂಡು ಕೆಲವು ವರ್ಷಗಳಾದವು. ಆ ಕಡೆ ಕೆಲಸ ಮಾಡಿದ ಗೆಳತಿಯೊಬ್ಬಳು ಹೇಳಿದಳು. ತಟ್ಟೆಯ ಸುದ್ದಿ ಅಲ್ಲಿಗೂ ಹೋಗಿತ್ತಂತೆ. ಕೊನೆಯವರೆಗೂ ಯಾರೂ ಅವರನ್ನು ಒಂದು ಮದುವೆಗೆ ಕರೆಯಲಿಲ್ಲವಂತೆ.

ಈಗ ಪಿಂಚಣಿ ತೆಗೆದುಕೊಂಡು ಮನೆಯಲ್ಲಿ ಕೂತಿದ್ದೇನೆ. ಅವರ ಬಗ್ಗೆ ಯೋಚಿಸಿದರೆ ಇಂದಿಗೂ ಅಳು ಬರುವುದಿಲ್ಲ, ಆ ತಟ್ಟೆ ಹಿಡಿದ ಕೈಗಳೇ ಕಣ್ಣಮುಂದೆ ಬರುತ್ತವೆ. ತನ್ನ ಮುಖವಾಗಲಿ ಕೈಯಾಗಲಿ ಕೆಟ್ಟದ್ದಲ್ಲ ಎಂದು ದಿನವೂ ವಾದ ಮಾಡುತ್ತಿದ್ದ ಹೆಂಗಸು... ಅವತ್ತು ನನಗೋಸ್ಕರ, ಹೌದು, ಕೆಟ್ಟದ್ದೇ ಎಂದು ಅಷ್ಟು ಜನರ ಮುಂದೆ ತೋರಿಸಿಬಿಟ್ಟರು.